ಮೊದಲ ಕಂಪೈಲರ್ ಎಲ್ಲಿಂದ ಬಂತು? ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಡೆಬಿಯನ್‌ಗೆ ಸೇರಿಸುವ ಕೆಲಸದ ಒಳಹೊರಗು

2025ರ ಅಕ್ಟೋಬರ್ 31ರಂದು ಡೆಬಿಯನ್ ಎಂಬ ಸ್ವತಂತ್ರ ಆಪರೇಟಿಂಗ್ ಸಿಸ್ಟಂನ ಎಪಿಟಿ ನಿರ್ವಾಹಕರ ಕಡೆಯಿಂದ ಒಂದು ಚಿಕ್ಕ ಪ್ರಕಟಣೆ ಬಂತು. ಪ್ಯಾಕೇಜುಗಳನ್ನು ಇಳಿಸಿ ಹಾಕಿಕೊಡುವ ಎಪಿಟಿಯ ಕೆಲವು ಭಾಗಗಳು ಇನ್ನು ರಸ್ಟ್ ಭಾಷೆಯಲ್ಲಿ ಇರಲಿವೆ, 2026ರ ಮೇಗಿಂತ ಮುಂಚೆ ಈ ಬದಲಾವಣೆ ಆಗುವುದಿಲ್ಲ, ಆದರೆ ರಸ್ಟ್ ಕಂಪೈಲರ್ (ಸೋರ್ಸ್ ಕೋಡನ್ನು ಯಂತ್ರ ಓಡಿಸುವ ಬೈನರಿಯಾಗಿ ಮಾಡುವ ಪ್ರೋಗ್ರಾಂ) ಇಲ್ಲದ ಪೋರ್ಟುಗಳನ್ನು, ಅಂದರೆ ಬೇರೆ ಬೇರೆ ಪ್ರೊಸೆಸರಿಗೆ ಒಗ್ಗಿಸಿದ ಡೆಬಿಯನ್ ರೂಪಗಳನ್ನು, ನೋಡಿಕೊಳ್ಳುವವರು ಆರು ತಿಂಗಳೊಳಗೆ ಅದನ್ನು ಹೊಂದಿಸಿಕೊಳ್ಳಬೇಕು, ಆಗದಿದ್ದರೆ ಪೋರ್ಟನ್ನೇ ನಿಲ್ಲಿಸಬೇಕು ಎಂದು ಅದರಲ್ಲಿತ್ತು. ಕಷ್ಟಕ್ಕೆ ಸಿಲುಕಿದ್ದು ಆಲ್ಫಾ, ಎಚ್‌ಪಿಪಿಎ, ಎಂ68ಕೆ, ಎಸ್‌ಎಚ್4 ಎಂಬ ನಾಲ್ಕು ಹಳೆಯ ಪ್ರೊಸೆಸರ್ ಕುಟುಂಬಗಳ ಪೋರ್ಟುಗಳು. 2021ರ ಫೆಬ್ರವರಿಯಲ್ಲಿ ಪೈಥಾನ್‌ನ ಕ್ರಿಪ್ಟೋಗ್ರಫಿ ಲೈಬ್ರರಿಯ 3.4ನೇ ಆವೃತ್ತಿ ರಸ್ಟ್ ಬೇಕೆಂದಾಗಲೂ ಇದೇ ಬಗೆಯ ಬಿರುಗಾಳಿ ಎದ್ದಿತ್ತು.

ಎರಡೂ ಸಲ ವಾದ ಬಹುಪಾಲು ರಸ್ಟ್ ಒಳ್ಳೆಯದೋ ಅಲ್ಲವೋ ಎಂಬುದರ ಸುತ್ತಲೇ ತಿರುಗಿತು. ಆದರೆ ಕಗ್ಗಂಟು ಇರುವುದು ಬೇರೆ ಕಡೆ. ಒಂದು ಭಾಷೆಯ ಕಂಪೈಲರ್, ಅದರ ರನ್‌ಟೈಮ್ (ಪ್ರೋಗ್ರಾಂ ಓಡುವಾಗ ನೆರವಾಗುವ ಭಾಗ), ಅದರ ಸ್ಟ್ಯಾಂಡರ್ಡ್ ಲೈಬ್ರರಿ ಒಂದು ಸ್ವತಂತ್ರ ಆಪರೇಟಿಂಗ್ ಸಿಸ್ಟಂನ ಒಳಗೆ ಹೇಗೆ ಬಂದು ಕೂರುತ್ತವೆ ಎನ್ನುವುದು ಹೊರಗಿನವರಿಗೆ ಕಾಣುವುದೇ ಇಲ್ಲ. ಒಂದು ಎಡಿಟರನ್ನೋ ಆಟವನ್ನೋ ಪ್ಯಾಕೇಜ್ ಮಾಡುವಾಗ ತಪ್ಪಾದರೆ ಆ ಒಂದು ಪ್ಯಾಕೇಜು ಕೆಡುತ್ತದೆ. ಕಂಪೈಲರಿನಲ್ಲಿ ತಪ್ಪಾದರೆ ಅದರ ಮೇಲೆ ನಿಂತ ಸಾವಿರಾರು ಪ್ಯಾಕೇಜುಗಳು ಕೆಡುತ್ತವೆ. ಈ ಕೆಲಸಕ್ಕೆ ಅಳತೆಗೋಲು ಒಂದೇ: ನಾಳೆ ಮೂಲ ಯೋಜನೆಯ ಸರ್ವರುಗಳೆಲ್ಲ ಮುಚ್ಚಿಹೋದರೂ, ಡೆಬಿಯನ್ ತನ್ನ ಭಂಡಾರದಲ್ಲಿರುವ ಸೋರ್ಸ್ ಕೋಡಿನಿಂದ, ತನ್ನದೇ ಯಂತ್ರಗಳಲ್ಲಿ, ಇಂಟರ್‌ನೆಟ್ ಸಂಪರ್ಕವಿಲ್ಲದೆ ಈ ಕಂಪೈಲರನ್ನು ಮತ್ತೆ ಕಟ್ಟಬಲ್ಲದೇ? ಮುಂದಿನ ಎಲ್ಲ ವಿವರಗಳೂ ಈ ಪ್ರಶ್ನೆಯಿಂದಲೇ ಹುಟ್ಟುತ್ತವೆ.

ತನ್ನನ್ನೇ ಬೇಡುವ ಪ್ಯಾಕೇಜು

ಲುವಾ, ಪರ್ಲ್‌ನಂಥ ಇಂಟರ್‌ಪ್ರಿಟರುಗಳು ಸಿ ಭಾಷೆಯಲ್ಲಿವೆ. ಸಿ ಕಂಪೈಲರ್ ಆದ ಜಿಸಿಸಿ ಇದ್ದರೆ ಅವು ಕಟ್ಟಿಕೊಳ್ಳುತ್ತವೆ. ತೊಡಕು ಇರುವುದು ತನ್ನದೇ ಭಾಷೆಯಲ್ಲಿ ಬರೆದ ಕಂಪೈಲರುಗಳದ್ದು. ರಸ್ಟ್ ಕಂಪೈಲರ್ ಇರುವುದು ರಸ್ಟ್‌ನಲ್ಲಿ. ಹ್ಯಾಸ್ಕೆಲ್‌ನ ಜಿಎಚ್‌ಸಿ ಹ್ಯಾಸ್ಕೆಲ್‌ನಲ್ಲಿ, ಓಕ್ಯಾಮಲ್ ಓಕ್ಯಾಮಲ್‌ನಲ್ಲಿ. ಗೋ ಭಾಷೆಯ ಕಂಪೈಲರ್ 1.4ನೇ ಆವೃತ್ತಿಯವರೆಗೆ ಸಿ ಭಾಷೆಯಲ್ಲಿತ್ತು, 2015ರ ಆಗಸ್ಟಿನಲ್ಲಿ ಬಂದ 1.5ರಿಂದ ಗೋ ಭಾಷೆಗೇ ಬದಲಾಯಿತು. ಬೀಜ ಮೊದಲೋ ಮರ ಮೊದಲೋ ಎಂಬ ಹಳೆಯ ತರ್ಕ ಇಲ್ಲಿ ದಿನನಿತ್ಯದ ಕೆಲಸದ ಸಮಸ್ಯೆಯಾಗಿ ನಿಲ್ಲುತ್ತದೆ. ಡೆಬಿಯನ್‌ನ ರಸ್ಟ್ ಪ್ಯಾಕೇಜಿನ ಕಂಟ್ರೋಲ್ ಕಡತ ತೆರೆದರೆ, ಕಟ್ಟಲು ಬೇಕಾದ ಪ್ಯಾಕೇಜುಗಳನ್ನು ಹೇಳುವ ಬಿಲ್ಡ್-ಡಿಪೆಂಡ್ಸ್ ಸಾಲಿನಲ್ಲಿ ಅದೇ ಪ್ಯಾಕೇಜಿನ ಹಿಂದಿನ ಆವೃತ್ತಿಯ ಹೆಸರಿದೆ.

ಹಾಗಾದರೆ ಮೊಟ್ಟಮೊದಲನೆಯದು? ದಾರಿಗಳು ಕೆಲವೇ, ಒಂದೊಂದಕ್ಕೂ ಅದರದೇ ಬೆಲೆ ಇದೆ.

ಕೆಲವು ಭಾಷೆಗಳು ಆರಂಭಿಕ ಕಂಪೈಲರನ್ನು ಬೈನರಿ ರೂಪದಲ್ಲಿ ಸೋರ್ಸ್ ಜೊತೆಗೇ ಇಟ್ಟಿರುತ್ತವೆ. ಓಕ್ಯಾಮಲ್‌ನ ಸೋರ್ಸ್‌ನಲ್ಲಿ ಬೂಟ್ ಎಂಬ ಡೈರೆಕ್ಟರಿಯಿದ್ದು, ಅದರೊಳಗೆ ಬೈಟ್‌ಕೋಡ್ (ಯಾವ ಪ್ರೊಸೆಸರಿಗೂ ಅಂಟಿಕೊಳ್ಳದ ಮಧ್ಯಂತರ ಸಂಕೇತ) ರೂಪದ ಕಂಪೈಲರ್ ಇದೆ. ಸಿ ಭಾಷೆಯಲ್ಲಿರುವ ಚಿಕ್ಕ ರನ್‌ಟೈಮನ್ನು ಜಿಸಿಸಿಯಿಂದ ಕಟ್ಟಿ, ಅದರ ಮೇಲೆ ಈ ಬೈಟ್‌ಕೋಡ್ ಓಡಿಸಿದರೆ ಪೂರ್ಣ ಕಂಪೈಲರ್ ಹೊರಬರುತ್ತದೆ. ಶೇ ಸ್ಕೀಮ್‌ನದೂ ಇದೇ ಬಗೆ. ಅದಕ್ಕೆ ಬೂಟ್ ಕಡತಗಳು ಬೇಕು. ಮೊದಲು ಒಂದೊಂದು ಪ್ರೊಸೆಸರಿಗೂ ಬೇರೆ ಬೇರೆ ಬೂಟ್ ಕಡತ ಬೇಕಾಗಿತ್ತು, ಈಗ ಯಾವ ಯಂತ್ರದಲ್ಲೂ ಓಡುವ ಬೈಟ್‌ಕೋಡ್ ರೂಪ ಬಂದಿರುವುದರಿಂದ ಹೊಸ ಪ್ರೊಸೆಸರಿಗೆ ಒಗ್ಗಿಸುವುದು ಸಲೀಸಾಗಿದೆ. ಈ ದಾರಿ ಪ್ಯಾಕೇಜ್ ಮಾಡುವವರಿಗೆ ಅನುಕೂಲ. ಆದರೆ ಆ ಬೂಟ್ ಕಡತವನ್ನು ಯಾರೂ ಓದಲಾರರು, ತಿದ್ದಲಾರರು. ಇಂಥ ಪ್ಯಾಕೇಜಿನಲ್ಲಿ ಕನಿಷ್ಠ ಒಂದು ಕೆಲಸ ಮಾಡಲೇಬೇಕು. ಬಂದ ಬೂಟ್ ಕಂಪೈಲರಿನಿಂದ ಹೊಸದನ್ನು ಕಟ್ಟಿ, ಹೊಸದರಿಂದ ಇನ್ನೊಮ್ಮೆ ಕಟ್ಟಿ, ಎರಡರ ಬೈಟುಗಳು ಒಂದೇ ಇವೆಯೇ ಎಂದು ಹೋಲಿಸಬೇಕು. ಓಕ್ಯಾಮಲ್‌ನ ಮೇಕ್ ಕಡತದಲ್ಲಿ ಬೂಟ್‌ಸ್ಟ್ರ್ಯಾಪ್ ಎಂಬ ಗುರಿ ಇರುವುದೇ ಇದಕ್ಕಾಗಿ.

ಎರಡನೆಯ ದಾರಿ, ಮೂಲ ಯೋಜನೆ ಕಟ್ಟಿಟ್ಟ ಬೈನರಿಯನ್ನು ಒಮ್ಮೆ ಮಾತ್ರ ತರುವುದು. ರಸ್ಟ್‌ನಲ್ಲಿ ಇದಕ್ಕೆ ಸ್ಟೇಜ್0 ಎಂಬ ಹೆಸರು. ಅದರಿಂದ ಸ್ಟೇಜ್1 ಕಟ್ಟುತ್ತಾರೆ, ಸ್ಟೇಜ್1ರಿಂದ ಸ್ಟೇಜ್2. ಬಳಕೆದಾರರ ಕೈಗೆ ಹೋಗುವುದು ಸ್ಟೇಜ್2 ಮಾತ್ರ. ಡೆಬಿಯನ್‌ನ ರಸ್ಟ್ ಪ್ಯಾಕೇಜಿನಲ್ಲಿ ಡಿಎಲ್‌ಸ್ಟೇಜ್0 ಎಂಬ ಬಿಲ್ಡ್ ಪ್ರೊಫೈಲ್ ಇದೆ. ಅದನ್ನು ಆನ್ ಮಾಡಿದಾಗ ಮಾತ್ರ ತನ್ನದೇ ಹಿಂದಿನ ಆವೃತ್ತಿಯ ಬೇಡಿಕೆ ಬಿದ್ದುಹೋಗಿ, ಹೊರಗಿನ ಸ್ಟೇಜ್0 ಬಳಕೆಯಾಗುತ್ತದೆ. ಫೆಡೋರಾ ಎಂಬ ಇನ್ನೊಂದು ವಿತರಣೆಯ ನಿಯಮಗಳೂ ಬೂಟ್‌ಸ್ಟ್ರ್ಯಾಪ್‌ಗಾಗಿ, ಅಂದರೆ ಮೊದಲ ಕಂಪೈಲರ್ ಕಟ್ಟುವ ಕೆಲಸಕ್ಕಾಗಿ, ಸಿದ್ಧ ಬೈನರಿ ಬಳಸಲು ಅನುಮತಿ ಪಡೆದು ಒಮ್ಮೆ ಅವಕಾಶ ಕೊಡುತ್ತವೆ, ಕೆಲಸ ಮುಗಿದ ಕೂಡಲೇ ಅದನ್ನು ತೆಗೆದುಹಾಕಬೇಕು.

ಮೂರನೆಯದು, ಅದೇ ಭಾಷೆಯ ಬೇರೊಂದು ಅನುಷ್ಠಾನದಿಂದ ಕಟ್ಟುವುದು. ನಮ್ಮ ಅಭಿಪ್ರಾಯದಲ್ಲಿ ಇದೇ ಅತ್ಯಂತ ಆರೋಗ್ಯಕರ. ಕಾಮನ್ ಲಿಸ್ಪ್‌ನ ಎಸ್‌ಬಿಸಿಎಲ್ ಅನ್ನು ಕ್ಲಿಸ್ಪ್ ಅಥವಾ ಇಸಿಎಲ್‌ನಿಂದ ಕಟ್ಟಬಹುದು, ಅವೆರಡೂ ಸಿ ಕಂಪೈಲರಿನಿಂದ ಹುಟ್ಟುತ್ತವೆ. ಗೋ ಭಾಷೆಗೆ ಜಿಸಿಸಿಯೊಳಗಿನ ಜಿಸಿಸಿಗೋ ಇದೆ. ರಸ್ಟ್‌ಗೆ ಸಿ++ನಲ್ಲಿ ಬರೆದ ಎಂರಸ್ಟ್‌ಸಿ ಇದೆ. ಎಂರಸ್ಟ್‌ಸಿ ಬಾರೋ ಚೆಕ್ (ರಸ್ಟ್‌ನ ಮೆಮೊರಿ ಸುರಕ್ಷತೆಯ ತಪಾಸಣೆ) ಮಾಡುವುದಿಲ್ಲ, ಕೊಟ್ಟ ಸೋರ್ಸ್ ಸರಿಯಿದೆ ಎಂದು ನಂಬಿ ಮುಂದುವರಿಯುತ್ತದೆ. ಬೂಟ್‌ಸ್ಟ್ರ್ಯಾಪ್‌ಗೆ ಅಷ್ಟು ಸಾಕು. ಗ್ನೂ ಗೀಕ್ಸ್ ವಿತರಣೆ ಅದರಿಂದ ರಸ್ಟ್ 1.54 ಅನ್ನು ಕಟ್ಟಿ, ಅಲ್ಲಿಂದ ಒಂದೊಂದೇ ಆವೃತ್ತಿ ಮೇಲೇರಿತು.

ನಾಲ್ಕನೆಯದು ಕ್ರಾಸ್ ಕಂಪೈಲ್, ಅಂದರೆ ಭಾಷೆ ಈಗಾಗಲೇ ಓಡುತ್ತಿರುವ ಯಂತ್ರದಲ್ಲಿ ಕೂತು ಹೊಸ ಯಂತ್ರಕ್ಕೆ ಬೇಕಾದ ಕಂಪೈಲರ್ ಕಟ್ಟುವುದು. ಗೋ ಭಾಷೆಯಲ್ಲಿ ಗುರಿಯ ಆಪರೇಟಿಂಗ್ ಸಿಸ್ಟಂ ಮತ್ತು ಪ್ರೊಸೆಸರ್ ಹೇಳುವ ಎರಡು ಎನ್ವಿರಾನ್‌ಮೆಂಟ್ ವೇರಿಯಬಲ್ ಕೊಟ್ಟು, ಸೋರ್ಸ್ ಜೊತೆಗೇ ಬರುವ ಬೂಟ್‌ಸ್ಟ್ರ್ಯಾಪ್ ಸ್ಕ್ರಿಪ್ಟ್ ಓಡಿಸಿದರೆ ಹೊಸ ಯಂತ್ರಕ್ಕೆ ಒಯ್ಯಬಹುದಾದ ಕಂಪೈಲರ್ ಸಿಗುತ್ತದೆ. ರಸ್ಟ್‌ನಲ್ಲಿ ಅಷ್ಟು ಸುಲಭವಿಲ್ಲ. ಯಂತ್ರಸಂಕೇತ ಹುಟ್ಟಿಸುವ ಕೆಲಸವನ್ನು ಅದು ಎಲ್‌ಎಲ್‌ವಿಎಂ ಎಂಬ ಪ್ರತ್ಯೇಕ ಯೋಜನೆಗೆ ಬಿಟ್ಟಿದೆ. ಎಲ್‌ಎಲ್‌ವಿಎಂನಲ್ಲಿ ಆಲ್ಫಾ, ಎಚ್‌ಪಿಪಿಎ, ಎಸ್‌ಎಚ್4ಗೆ ಬ್ಯಾಕೆಂಡ್ (ಆಯಾ ಪ್ರೊಸೆಸರಿನ ಸಂಕೇತ ಹುಟ್ಟಿಸುವ ಭಾಗ) ಇಲ್ಲ, ಎಂ68ಕೆಗೆ ಇರುವುದು ಪ್ರಾಯೋಗಿಕ ಹಂತದ್ದು. ಆರಂಭದಲ್ಲಿ ಹೇಳಿದ ನಾಲ್ಕು ಪೋರ್ಟುಗಳ ಸಂಕಟದ ಬೇರು ಇಲ್ಲಿದೆ. ಜಿಸಿಸಿ ಆ ನಾಲ್ಕಕ್ಕೂ ಸಂಕೇತ ಹುಟ್ಟಿಸುತ್ತದೆ. ಹಾಗಾಗಿ ಅವರ ಆಸೆ ಉಳಿದಿರುವುದು ಎರಡು ಕಡೆ ಮಾತ್ರ. ಒಂದು, ರಸ್ಟ್ ಕಂಪೈಲರಿಗೆ ಜಿಸಿಸಿಯನ್ನು ಬ್ಯಾಕೆಂಡ್ ಆಗಿ ಜೋಡಿಸುವ ಯೋಜನೆ. ಇನ್ನೊಂದು, ಜಿಸಿಸಿಗೆ ರಸ್ಟ್ ಫ್ರಂಟೆಂಡ್ (ಸೋರ್ಸ್ ಓದಿಕೊಳ್ಳುವ ಭಾಗ) ಬರೆಯುತ್ತಿರುವ ಜಿಸಿಸಿಆರ್‌ಎಸ್. ಪ್ಯಾಕೇಜ್ ಮಾಡುವವರು ಎಷ್ಟೇ ದುಡಿದರೂ ಇಲ್ಲದ ಬ್ಯಾಕೆಂಡನ್ನು ತುಂಬಲಾಗದು.

ಡೆಬಿಯನ್‌ನಲ್ಲಿ ಹೊಸ ಕಂಪೈಲರ್ ಒಳಬರುವ ಕ್ರಮ ಹೀಗಿದೆ. ಮೊದಲ ಅಪ್‌ಲೋಡ್‌ನಲ್ಲಿ ಸೋರ್ಸ್ ಜೊತೆಗೆ ಬೈನರಿಯನ್ನೂ ಕಳಿಸಬೇಕು, ಏಕೆಂದರೆ ಹೊಸ ಹೆಸರಿನ ಪ್ಯಾಕೇಜುಗಳು ಭಂಡಾರ ಕಾಯುವ ಎಫ್‌ಟಿಪಿ ಮಾಸ್ಟರ್‌ಗಳ ಪರಿಶೀಲನೆಗಾಗಿ ನ್ಯೂ ಸಾಲಿನಲ್ಲಿ ನಿಲ್ಲುತ್ತವೆ, ಅವರು ಎರಡನ್ನೂ ನೋಡುತ್ತಾರೆ. ಒಪ್ಪಿಗೆ ಸಿಕ್ಕಮೇಲೆ ಆ ಬೈನರಿಯೇ ಮುಂದಿನ ಬಿಲ್ಡ್‌ಗೆ ಬೀಜ. ಆಮೇಲೆ ಸೋರ್ಸ್ ಮಾತ್ರ ಇರುವ ಎರಡನೆಯ ಅಪ್‌ಲೋಡ್ ಮಾಡಿ, ಡೆಬಿಯನ್‌ನ ಬಿಲ್ಡ್ ಯಂತ್ರಗಳಲ್ಲೇ ಅದು ಮತ್ತೆ ಕಟ್ಟುವಂತೆ ನೋಡಿಕೊಳ್ಳಬೇಕು. 2019ರಿಂದೀಚೆಗೆ, ನಿರ್ವಾಹಕರ ಕಂಪ್ಯೂಟರಿನಲ್ಲಿ ಕಟ್ಟಿದ ಬೈನರಿ, ಮುಂದಿನ ಬಿಡುಗಡೆ ಸಿದ್ಧವಾಗುವ ಟೆಸ್ಟಿಂಗ್ ವಿಭಾಗಕ್ಕೆ ದಾಟುವುದಿಲ್ಲ. ಉಳಿದ ಪ್ರೊಸೆಸರುಗಳಿಗೆ ಒಂದೊಂದಾಗಿ ಬೀಜ ಹಾಕಬೇಕು. ಅಲ್ಲೂ ಯಾರದೋ ಕೈಯಿಂದ ಬಂದ ಮೊದಲ ಬೈನರಿಯನ್ನು ಬಿಲ್ಡ್ ಯಂತ್ರದಿಂದ ಮರುಕಟ್ಟಿಸಿ ಬದಲಾಯಿಸುವವರೆಗೆ ಕೆಲಸ ಮುಗಿಯುವುದಿಲ್ಲ.

ಬೀಜ ಹಾಕಿದ ಮೇಲೆ ಸರಪಳಿ ಕಾಯುವುದು ಇನ್ನೊಂದು ಹೊರೆ. ರಸ್ಟ್‌ನ ಹೊಸ ಆವೃತ್ತಿ ಆರು ವಾರಕ್ಕೊಮ್ಮೆ ಬರುತ್ತದೆ, ಅದನ್ನು ಅದರ ಹಿಂದಿನ ಆವೃತ್ತಿಯಿಂದಲೇ ಕಟ್ಟಬೇಕು. ಡೆಬಿಯನ್ 12ರಲ್ಲಿ ಇದ್ದದ್ದು ರಸ್ಟ್ 1.63, ಡೆಬಿಯನ್ 13ರಲ್ಲಿ ಇರುವುದು 1.85. ನಡುವೆ 22 ಮೆಟ್ಟಿಲು. ಯಾವುದನ್ನಾದರೂ ಹಾರಿದರೆ ಮುಂದಿನದು ಕಟ್ಟುವುದಿಲ್ಲ. ಆಗ ಹಳೆಯ ಪ್ಯಾಕೇಜುಗಳನ್ನು ಕೂಡಿಟ್ಟಿರುವ ಡೆಬಿಯನ್‌ನ ಸ್ನ್ಯಾಪ್‌ಶಾಟ್ ಸೇವೆಯಿಂದ ಹಿಂದಿನ ಕೊಂಡಿಯನ್ನು ಹೆಕ್ಕಿ ತರಬೇಕಾಗುತ್ತದೆ. ಗೋ ತಂಡ ಇದನ್ನು ಚೆನ್ನಾಗಿ ಅರಿತು ನಡೆದುಕೊಂಡಿದೆ. 1.20 ಕಟ್ಟಲು 1.17 ಸಾಕು, 1.22ಕ್ಕೆ 1.20, 1.24ಕ್ಕೆ 1.22. ವರ್ಷಕ್ಕೊಂದೇ ಮೆಟ್ಟಿಲು, ಅದೂ ಮುಂಚಿತವಾಗಿ ಗೊತ್ತಿರುವಂಥದ್ದು. ಸಿ ಭಾಷೆಯಲ್ಲಿದ್ದ 1.4ರಿಂದ ಹೊರಟರೂ ಇಂದಿನ ಗೋ ತನಕ ಕೆಲವೇ ಹೆಜ್ಜೆಯಲ್ಲಿ ಬರಬಹುದು. ಜಿಎಚ್‌ಸಿ ಹಿಂದಿನ ಎರಡು ಪ್ರಮುಖ ಆವೃತ್ತಿಗಳಿಂದ ಕಟ್ಟಿಕೊಳ್ಳುತ್ತದೆ.

ಇಷ್ಟೊಂದು ಶ್ರಮ ಯಾಕೆ, ಬೈನರಿ ನಂಬಿದರಾಗದೇ ಎಂಬ ಪ್ರಶ್ನೆಗೆ 1984ರಲ್ಲೇ ಕೆನ್ ಥಾಂಪ್ಸನ್ ಉತ್ತರ ಕೊಟ್ಟಿದ್ದಾರೆ. ಸೋರ್ಸ್‌ನಲ್ಲಿ ಸುಳಿವೇ ಇಲ್ಲದ ಕಳ್ಳಬಾಗಿಲನ್ನು ಕಂಪೈಲರಿನ ಬೈನರಿ ತನ್ನ ಮುಂದಿನ ಪೀಳಿಗೆಗೆ ದಾಟಿಸುತ್ತ ಹೋಗಬಹುದೆಂದು ಅವರು ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ತೋರಿಸಿದರು. ಅದಕ್ಕೆ ಮದ್ದಾಗಿ ಡೇವಿಡ್ ವೀಲರ್ ತಮ್ಮ 2009ರ ಪ್ರಬಂಧದಲ್ಲಿ ಒಂದು ವಿಧಾನವನ್ನು ವಿವರವಾಗಿ ಸಾಧಿಸಿದರು. ಸಂಬಂಧವಿಲ್ಲದ ಎರಡನೆಯ ಕಂಪೈಲರಿನಿಂದ ಅದೇ ಸೋರ್ಸ್ ಕಟ್ಟಿ, ಬಂದದ್ದರಿಂದ ಮತ್ತೊಮ್ಮೆ ಕಟ್ಟಿ, ಕೊನೆಯ ಫಲಗಳನ್ನು ಬೈಟ್ ಬೈಟಾಗಿ ಹೋಲಿಸುವುದು. ಎಂರಸ್ಟ್‌ಸಿಯಂಥ ಯೋಜನೆಗಳ ನಿಜವಾದ ಬೆಲೆ ತಿಳಿಯುವುದು ಇಲ್ಲೇ. ಎರಡನೆಯ ಅನುಷ್ಠಾನವೇ ಇಲ್ಲದ ಭಾಷೆಯಲ್ಲಿ ಈ ಪರೀಕ್ಷೆ ಸಾಧ್ಯವೇ ಇಲ್ಲ. ಗೀಕ್ಸ್ 2023ರಲ್ಲಿ ಇನ್ನೂ ಕೆಳಗಿಳಿದು, ಕೇವಲ 357 ಬೈಟಿನ ಒಂದು ಬೀಜದಿಂದ ಹೊರಟು ಜಿಸಿಸಿಯವರೆಗಿನ ಇಡೀ ಸರಪಳಿಯನ್ನು ಸೋರ್ಸ್‌ನಿಂದಲೇ ಕಟ್ಟಿ ತೋರಿಸಿತು. 357 ಬೈಟನ್ನು ಒಬ್ಬ ಮನುಷ್ಯ ಕೂತು ಓದಿ ಅರ್ಥಮಾಡಿಕೊಳ್ಳಬಲ್ಲ.

ಟಾರ್‌ಬಾಲ್‌ನೊಳಗೆ ಏನಿದೆ

ಡೆಬಿಯನ್‌ನ ಮೇನ್ ವಿಭಾಗಕ್ಕೆ ಬರುವ ಎಲ್ಲದಕ್ಕೂ ಸೋರ್ಸ್ ಇರಬೇಕು, ಪರವಾನಗಿ ಸ್ವತಂತ್ರವಾಗಿರಬೇಕು. ಕಂಪೈಲರಿನ ಟಾರ್‌ಬಾಲ್ (ಸೋರ್ಸನ್ನೆಲ್ಲ ಒಟ್ಟಿಗೆ ಕಟ್ಟಿಟ್ಟ ಕಡತ) ಬಿಚ್ಚಿದಾಗ ಇದು ಅಂದುಕೊಂಡಷ್ಟು ಸರಳವಲ್ಲ ಎಂದು ತಿಳಿಯುತ್ತದೆ. ರಸ್ಟ್‌ನ ಟಾರ್‌ಬಾಲ್‌ನಲ್ಲಿ ಅದರದೇ ಮಾರ್ಪಾಟಿನ ಎಲ್‌ಎಲ್‌ವಿಎಂ ಇಡಿಯಾಗಿ ಇರುತ್ತದೆ, ವೆಂಡರ್ ಡೈರೆಕ್ಟರಿಯಲ್ಲಿ ನೂರಾರು ಕ್ರೇಟುಗಳು, ಅಂದರೆ ರಸ್ಟ್ ಲೈಬ್ರರಿಗಳು, ಇರುತ್ತವೆ. ಅವುಗಳಲ್ಲಿ ಬಹಳಷ್ಟು ವಿಂಡೋಸ್‌ಗೆ ಮಾತ್ರ ಬೇಕಾದವು, ಕೆಲವದರಲ್ಲಿ ಸಿದ್ಧ ಬೈನರಿಗಳೂ ಇರುತ್ತವೆ. ಇವನ್ನು ಕಿತ್ತು, ಟಾರ್‌ಬಾಲ್ ಮರುಕಟ್ಟಿ, ಆವೃತ್ತಿಯ ಹೆಸರಿಗೆ ಡಿಎಫ್‌ಎಸ್‌ಜಿ (ಡೆಬಿಯನ್‌ನ ಸ್ವತಂತ್ರ ತಂತ್ರಾಂಶ ಮಾರ್ಗಸೂಚಿಯ ಹ್ರಸ್ವರೂಪ) ಎಂಬ ಬಾಲ ಸೇರಿಸುತ್ತಾರೆ. ಎಲ್‌ಎಲ್‌ವಿಎಂ ವಿಚಾರದಲ್ಲಿ ಡೆಬಿಯನ್‌ನ ನಿಲುವು ಸ್ಪಷ್ಟ: ವ್ಯವಸ್ಥೆಯಲ್ಲಿರುವ ಎಲ್‌ಎಲ್‌ವಿಎಂಗೆ ಲಿಂಕ್ ಮಾಡು. ಒಂದು ಭದ್ರತಾ ದೋಷವನ್ನು ಒಂದೇ ಕಡೆ ತಿದ್ದಿದರೆ ಸಾಕಾಗುವುದು ಇದರ ಲಾಭ. ಮೂಲ ಯೋಜನೆಯವರು ತಮ್ಮ ಎಲ್‌ಎಲ್‌ವಿಎಂಗೆ ಹಾಕಿಕೊಂಡ ಪ್ಯಾಚುಗಳು ವ್ಯವಸ್ಥೆಯದರಲ್ಲಿ ಇನ್ನೂ ಬಂದಿರದೆ, ಕೆಲವು ಪ್ರೊಸೆಸರುಗಳಲ್ಲಿ ಮಾತ್ರ ತಪ್ಪು ಸಂಕೇತ ಹುಟ್ಟುವುದು ಇದರ ನಷ್ಟ. ಇಂಥ ದೋಷ ಹುಡುಕುವುದು ಅತಿ ಕಷ್ಟ, ಏಕೆಂದರೆ ಬಿಲ್ಡ್ ಸರಿಯಾಗಿ ಮುಗಿಯುತ್ತದೆ, ಕೆಡುವುದು ಆಮೇಲೆ ಇನ್ನಾವುದೋ ಪ್ರೋಗ್ರಾಂ.

ಮೊದಲೇ ಹುಟ್ಟಿಸಿಟ್ಟ ಕಡತಗಳದ್ದು ಮತ್ತೊಂದು ಸಮಸ್ಯೆ. ಭಾಷೆಯ ಪಾರ್ಸರ್ ಸಾಮಾನ್ಯವಾಗಿ ಒಂದು ವ್ಯಾಕರಣ ಕಡತದಿಂದ ಹುಟ್ಟುತ್ತದೆ. ಪೈಥಾನ್‌ನಲ್ಲಿ ಪೆಗೆನ್ ಎಂಬ ಉಪಕರಣ ಹುಟ್ಟಿಸಿದ ಸಿ ಕಡತವನ್ನು ಸೋರ್ಸ್ ಜೊತೆಗೇ ಕೊಟ್ಟಿರುತ್ತಾರೆ, ಮತ್ತು ಪೆಗೆನ್ ಓಡಲು ಪೈಥಾನ್ ಬೇಕು. ಕೊಟ್ಟದ್ದನ್ನೇ ಬಳಸಿದರೆ ಬಿಲ್ಡ್ ಬೇಗ ಮುಗಿಯುತ್ತದೆ. ಆದರೆ ಒಂದು ದಿನ ವ್ಯಾಕರಣವನ್ನೇ ತಿದ್ದುವ ಭದ್ರತಾ ಪ್ಯಾಚ್ ಬಂದಾಗ, ಹಳೆಯ ಸಿ ಕಡತವೇ ಕಂಪೈಲ್ ಆಗಿ, ಪ್ಯಾಚ್ ಹಾಕಿದರೂ ಪರಿಣಾಮ ಕಾಣದೆ ಹೋಗಬಹುದು. ಸಾಧ್ಯವಿದ್ದಲ್ಲೆಲ್ಲ ಬಿಲ್ಡ್‌ನ ಮೊದಲ ಹಂತದಲ್ಲೇ ಇವನ್ನು ಅಳಿಸಿ ಮತ್ತೆ ಹುಟ್ಟಿಸುವುದು ಒಳ್ಳೆಯದು. 2024ರ ಮಾರ್ಚ್ 29ರಂದು ಬಯಲಾದ ಎಕ್ಸ್‌ಝಡ್ (ಕಡತ ಕುಗ್ಗಿಸುವ ತಂತ್ರಾಂಶ) ಪ್ರಕರಣದ ನಂತರ ಇದನ್ನು ಯಾರೂ ಮಡಿವಂತಿಕೆ ಎನ್ನುವುದಿಲ್ಲ. 5.6.0 ಮತ್ತು 5.6.1ರ ಬಿಡುಗಡೆ ಟಾರ್‌ಬಾಲ್‌ಗಳಲ್ಲಿದ್ದ ದುಷ್ಟ ಎಂ4 ಕಡತ ಗಿಟ್ ಭಂಡಾರದಲ್ಲಿ ಇರಲೇ ಇಲ್ಲ, ಕಳ್ಳಸಂಕೇತದ ಉಳಿದ ಭಾಗ ಪರೀಕ್ಷೆಗೆಂದು ಇಟ್ಟ ಬೈನರಿ ಕಡತಗಳಲ್ಲಿ ಅಡಗಿತ್ತು. ಕಂಪೈಲರುಗಳ ಪರೀಕ್ಷಾ ಡೈರೆಕ್ಟರಿಗಳಲ್ಲಿ ಇಂಥ ಬೈನರಿಗಳು ಧಾರಾಳವಾಗಿವೆ. ಟಾರ್‌ಬಾಲ್‌ಗೂ ಗಿಟ್ ಟ್ಯಾಗ್‌ಗೂ ಇರುವ ವ್ಯತ್ಯಾಸವನ್ನು ಪ್ರತಿ ಬಿಡುಗಡೆಯಲ್ಲೂ ಡಿಫ್ ತೆಗೆದು ನೋಡುವುದು ಅರ್ಧ ಗಂಟೆಯ ಕೆಲಸ, ಬಿಡಬಾರದು.

ಕಾಪಿರೈಟ್ ಕಡತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಸರದ ಕೆಲಸ, ಆದರೆ ನ್ಯೂ ಸಾಲಿನಲ್ಲಿ ಪ್ಯಾಕೇಜು ತಿರಸ್ಕೃತವಾದರೆ ಬಹುತೇಕ ಇದರಿಂದಲೇ. ವೆಂಡರ್ ಡೈರೆಕ್ಟರಿಯಲ್ಲಿ ಉಳಿಸಿಕೊಂಡ ಪ್ರತಿ ಕ್ರೇಟಿನ ಪರವಾನಗಿಯೂ ಅಲ್ಲಿರಬೇಕು.

ನೆಟ್‌ವರ್ಕ್ ಇಲ್ಲದ ಯಂತ್ರದಲ್ಲಿ

ಡೆಬಿಯನ್ ನೀತಿಯ ಪ್ರಕಾರ ಮೇನ್ ವಿಭಾಗದ ಪ್ಯಾಕೇಜು ಬಿಲ್ಡ್ ಆಗುವಾಗ ಹೊರಗಿನ ನೆಟ್‌ವರ್ಕ್ ಮುಟ್ಟುವಂತಿಲ್ಲ. ಹೊಸ ಭಾಷೆಗಳ ಬಿಲ್ಡ್ ವ್ಯವಸ್ಥೆಗಳು ಮೊದಲು ಮುಗ್ಗರಿಸುವುದು ಇಲ್ಲೇ, ಅವು ಎಲ್ಲವನ್ನೂ ದಾರಿಯಲ್ಲೇ ಇಳಿಸಿಕೊಳ್ಳುವ ಅಭ್ಯಾಸದವು. ಎಸ್‌ಬಿಲ್ಡ್‌ನಂಥ ಉಪಕರಣದಿಂದ ಶುದ್ಧ ಕ್ರೂಟ್‌ನಲ್ಲಿ (ಉಳಿದ ವ್ಯವಸ್ಥೆಯಿಂದ ಬೇರ್ಪಡಿಸಿದ ಜಾಗದಲ್ಲಿ) ಕಟ್ಟಿ ನೋಡದೆ ಅಪ್‌ಲೋಡ್ ಮಾಡಬಾರದು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಸರಾಗವಾಗಿ ಆದ ಬಿಲ್ಡ್, ಹೋಮ್ ಡೈರೆಕ್ಟರಿಯೇ ಇಲ್ಲದ ಬಿಲ್ಡ್ ಯಂತ್ರದಲ್ಲಿ ಮೊದಲ ನಿಮಿಷದಲ್ಲೇ ಬೀಳುತ್ತದೆ. ಗೋ ತನ್ನ ಕ್ಯಾಶನ್ನು, ರಸ್ಟ್‌ನ ಬಿಲ್ಡ್ ಉಪಕರಣವಾದ ಕಾರ್ಗೋ ತನ್ನ ರಿಜಿಸ್ಟ್ರಿಯನ್ನು ಹೋಮ್‌ನಲ್ಲಿ ಬರೆಯಲು ಹೋಗುತ್ತವೆ. ಎರಡಕ್ಕೂ ಬಿಲ್ಡ್ ಡೈರೆಕ್ಟರಿಯೊಳಗಿನ ಜಾಗವನ್ನು, ಬಿಲ್ಡ್‌ನ ಹೆಜ್ಜೆಗಳಿರುವ ರೂಲ್ಸ್ ಕಡತದಲ್ಲಿ ಎಕ್ಸ್‌ಪೋರ್ಟ್ ಮಾಡಿ ಕೊಡಬೇಕು.

ಮುಂದಿನ ಕಾಟ ಯಂತ್ರದ ಮೆಮೊರಿಯದು. ಎಲ್‌ಎಲ್‌ವಿಎಂ ಗಾತ್ರದ ಯೋಜನೆಯನ್ನು ಪೂರ್ಣ ಡೀಬಗ್ ಮಾಹಿತಿಯೊಂದಿಗೆ ಲಿಂಕ್ ಮಾಡುವಾಗ ಒಂದೊಂದು ಲಿಂಕ್ ಕೆಲಸವೂ ಹಲವು ಜಿಬಿ ನುಂಗುತ್ತದೆ. 32 ಬಿಟ್ ಯಂತ್ರದಲ್ಲಿ ಒಂದು ಪ್ರೋಗ್ರಾಮಿಗೆ ಸಿಗುವ ವಿಳಾಸವೇ 4 ಜಿಬಿಗಿಂತ ಹೆಚ್ಚಿಲ್ಲ, ರ‍್ಯಾಮ್ ಎಷ್ಟಿದ್ದರೂ ಅಷ್ಟೇ. ಅಂಥಲ್ಲಿ ಡೀಬಗ್ ಮಟ್ಟವನ್ನು 1ಕ್ಕೆ ಇಳಿಸುವುದು, ಒಂದೇ ಸಲಕ್ಕೆ ನಡೆಯುವ ಲಿಂಕ್ ಕೆಲಸಗಳಿಗೆ ಮಾತ್ರ ಬೇರೆ ಮಿತಿ ಹಾಕುವುದು ಎಂಬೆರಡು ಉಪಾಯಗಳು ಸಾಮಾನ್ಯವಾಗಿ ಸಾಕಾಗುತ್ತವೆ. ಇನ್ನೊಂದು ಚಿಕ್ಕ ಸಂಗತಿ ಬಹಳ ಜನರನ್ನು ಕಾಡುತ್ತದೆ. ಎಸ್‌ಬಿಲ್ಡ್ 150 ನಿಮಿಷ ಯಾವ ಸಾಲೂ ಮುದ್ರಿಸದ ಬಿಲ್ಡ್ ಸತ್ತಿದೆಯೆಂದು ತಿಳಿದು ಕೊಲ್ಲುತ್ತದೆ. ನಿಧಾನದ ಯಂತ್ರದಲ್ಲಿ ಮೌನವಾಗಿ ನಡೆಯುವ ದೊಡ್ಡ ಪರೀಕ್ಷೆಯೊಂದು ಹೀಗೆ ಬಲಿಯಾಗುತ್ತದೆ. ಪರೀಕ್ಷೆಯನ್ನು ಬಾಯಿಬಿಟ್ಟು ಹೇಳುತ್ತ ಓಡುವಂತೆ ಮಾಡಿದರೆ ಸಮಸ್ಯೆ ಮುಗಿಯಿತು.

ಸ್ಟ್ರಿಪ್ ಬಗ್ಗೆ ಎಚ್ಚರ. ಡೀಬಗ್ ಚಿಹ್ನೆಗಳನ್ನು ತೆಗೆಯಲು ಡೆಬ್‌ಹೆಲ್ಪರ್ ಎಂಬ ಪ್ಯಾಕೇಜ್ ಕಟ್ಟುವ ಉಪಕರಣ ಪ್ರತಿ ಬೈನರಿಯ ಮೇಲೂ ಸ್ಟ್ರಿಪ್ ಓಡಿಸುತ್ತದೆ. ಸಿ ಪ್ರೋಗ್ರಾಮುಗಳಿಗೆ ಅದು ನಿರಪಾಯ. ಆದರೆ ಎಸ್‌ಬಿಸಿಎಲ್‌ನಲ್ಲಿ ಕಾರ್ಯಗತಗೊಳಿಸಬಹುದಾದ ಕಡತ ಮಾಡಿದಾಗ ಲಿಸ್ಪ್‌ನ ಇಡೀ ಕೋರ್ ಚಿತ್ರವನ್ನು ರನ್‌ಟೈಮಿನ ಬಾಲಕ್ಕೆ ಅಂಟಿಸಿರುತ್ತಾರೆ. ಓಕ್ಯಾಮಲ್‌ನ ಕಸ್ಟಮ್ ಬಗೆಯ ಬೈಟ್‌ಕೋಡ್ ಪ್ರೋಗ್ರಾಮುಗಳೂ ಹಾಗೆಯೇ. ಈ ಬಾಲ ಇಎಲ್‌ಎಫ್ ಎಂಬ ಬೈನರಿ ಕಡತ ವಿನ್ಯಾಸದ ಯಾವ ವಿಭಾಗಕ್ಕೂ ಸೇರದ್ದರಿಂದ ಸ್ಟ್ರಿಪ್ ಅದನ್ನು ಕಸವೆಂದು ಕತ್ತರಿಸಿ ಎಸೆಯುತ್ತದೆ. ಉಳಿಯುವುದು ಲಿಸ್ಪ್ ಇಲ್ಲದ ಲಿಸ್ಪ್. ಬಿಲ್ಡ್ ಲಾಗ್‌ನಲ್ಲಿ ದೋಷವೇ ಕಾಣುವುದಿಲ್ಲ, ಬಿಲ್ಡ್ ವೇಳೆಯ ಪರೀಕ್ಷೆಗಳೆಲ್ಲ ಸ್ಟ್ರಿಪ್‌ಗಿಂತ ಮುಂಚೆಯೇ ನಡೆದು ಪಾಸಾಗಿರುತ್ತವೆ. ಅಂಥ ಕಡತಗಳ ಹೆಸರು ಕೊಟ್ಟು ಸ್ಟ್ರಿಪ್‌ನಿಂದ ಹೊರಗಿಡಬೇಕು. ಅನುಸ್ಥಾಪನೆಯಾದ ಪ್ಯಾಕೇಜಿನ ಮೇಲೆಯೇ ಓಡುವ ಆಟೋಪಿಕೆಜಿಟೆಸ್ಟ್ ಪರೀಕ್ಷೆಯೊಂದನ್ನು ಬರೆಯಬೇಕು. ನಾಲ್ಕು ಸಾಲಿನ ಪ್ರೋಗ್ರಾಂ ಕಂಪೈಲ್ ಮಾಡಿ ಓಡಿಸಿ ಉತ್ತರ ನೋಡುವ ಪರೀಕ್ಷೆಯಾದರೂ ಸಾಕು, ಇಂಥ ಅನಾಹುತ ಅಲ್ಲೇ ಸಿಕ್ಕಿಬೀಳುತ್ತದೆ.

ಎರಡು ಸಲ ಕಟ್ಟಿದರೆ ಒಂದೇ ಬೈಟುಗಳು ಬರಬೇಕೆಂಬ ಗುರಿಗೂ ಕಂಪೈಲರುಗಳು ವಿಶೇಷ ತೊಡಕು ಕೊಡುತ್ತವೆ. ಬಿಲ್ಡ್ ಡೈರೆಕ್ಟರಿಯ ದಾರಿ ಬೈನರಿಯೊಳಗೆ ಕೂತುಬಿಡುತ್ತದೆ. ಹ್ಯಾಶ್ ಟೇಬಲಿನ ಕ್ರಮ ಸಲಸಲಕ್ಕೆ ಬದಲಾಗುತ್ತದೆ. ಕಟ್ಟಿದ ದಿನಾಂಕವನ್ನು ಆವೃತ್ತಿ ಸಂದೇಶದಲ್ಲಿ ಮುದ್ರಿಸುವ ಹಳೆಯ ಚಟ ಇನ್ನೂ ಇದೆ. ದಿನಾಂಕಕ್ಕೆ ಸೋರ್ಸ್ ಡೇಟ್ ಎಪಾಕ್ ವೇರಿಯಬಲ್, ದಾರಿಗೆ ಪ್ರಿಫಿಕ್ಸ್ ಮ್ಯಾಪ್ ಆಯ್ಕೆ ಇವೆ. ಉಳಿದದ್ದನ್ನು ಡಿಫೋಸ್ಕೋಪ್‌ನಿಂದ ಎರಡು ಬಿಲ್ಡ್ ಹೋಲಿಸಿ ಬೆನ್ನಟ್ಟಬೇಕು. 2023ರ ಆಗಸ್ಟಿನಲ್ಲಿ ಬಂದ ಗೋ 1.21ರ ಟೂಲ್‌ಚೈನ್ (ಕಂಪೈಲರ್ ಮತ್ತು ಅದರ ಜೊತೆಯ ಉಪಕರಣಗಳು) ಯಾವ ಯಂತ್ರದಲ್ಲಿ ಕಟ್ಟಿದರೂ ಒಂದೇ ಬೈಟುಗಳನ್ನು ಕೊಡುವಂತಾಗಿದೆ. ಆಗುವ ಕೆಲಸ ಇದು ಎಂಬುದಕ್ಕೆ ಅಷ್ಟು ಸಾಕ್ಷಿ ಸಾಕು.

ಎರಡು ಪ್ಯಾಕೇಜ್ ವ್ಯವಸ್ಥೆಗಳ ಜಗಳ

ಈಗಿನ ಪ್ರತಿ ಭಾಷೆಯೂ ತನ್ನದೇ ಪ್ಯಾಕೇಜ್ ಮ್ಯಾನೇಜರ್ ಹೊತ್ತು ಬರುತ್ತದೆ. ಎಪಿಟಿ ಹಾಕಿದ ಲೈಬ್ರರಿಯನ್ನು ಪೈಥಾನ್‌ನ ಪ್ಯಾಕೇಜ್ ಮ್ಯಾನೇಜರ್ ಪಿಪ್ ಬದಲಿಸಿದರೆ, ಪೈಥಾನ್‌ನಲ್ಲಿ ಬರೆದ ವ್ಯವಸ್ಥೆಯ ಉಪಕರಣಗಳೇ ಮುರಿದುಬೀಳುತ್ತವೆ. ಡೆಬಿಯನ್ ಮೊದಲು ತನ್ನ ಮಾಡ್ಯೂಲುಗಳಿಗೆ ಸೈಟ್-ಪ್ಯಾಕೇಜಸ್ ಬದಲು ಡಿಸ್ಟ್-ಪ್ಯಾಕೇಜಸ್ ಎಂಬ ಬೇರೆ ಡೈರೆಕ್ಟರಿ ಮಾಡಿಕೊಂಡಿತು. ಅದಷ್ಟೇ ಸಾಲಲಿಲ್ಲ. ಪೈಥಾನ್‌ನ ಸುಧಾರಣಾ ಪ್ರಸ್ತಾವವಾದ ಪೆಪ್ 668 ಇದಕ್ಕೆ ನೇರ ಪರಿಹಾರ ಕೊಟ್ಟಿತು. ಇಂಟರ್‌ಪ್ರಿಟರಿನ ಲೈಬ್ರರಿ ಡೈರೆಕ್ಟರಿಯಲ್ಲಿ ಒಂದು ಗುರುತಿನ ಕಡತ ಇಟ್ಟರೆ ಪಿಪ್ ಅಲ್ಲಿ ಬರೆಯಲು ನಿರಾಕರಿಸಿ, ವರ್ಚುವಲ್ ಎನ್ವಿರಾನ್‌ಮೆಂಟ್ ಬಳಸಿ ಎನ್ನುತ್ತದೆ. 2023ರ ಜೂನಿನ ಡೆಬಿಯನ್ 12ರಿಂದ ಇದು ಜಾರಿಯಲ್ಲಿದೆ. ಬಳಕೆದಾರರು ಸಿಟ್ಟಾದರು, ಆದರೆ ನಿರ್ಧಾರ ಸರಿಯಾದದ್ದೇ. ಗೋ 1.21 ಬಂದಾಗ ಇದರದೇ ಇನ್ನೊಂದು ರೂಪ ಕಾಣಿಸಿತು. ಯೋಜನೆಯೊಂದು ಹೊಸ ಆವೃತ್ತಿ ಬೇಕೆಂದರೆ ಗೋ ಆದೇಶ ತಾನೇ ಹೊಸ ಟೂಲ್‌ಚೈನ್ ಇಳಿಸಿಕೊಂಡು ಓಡಿಸಬಲ್ಲದು. ಬಳಕೆದಾರರು ಎಪಿಟಿಯಿಂದ ಹಾಕಿದ, ಭದ್ರತಾ ತಂಡ ಕಾಯುವ ಕಂಪೈಲರ್ ಓಡುತ್ತಿದೆ ಎಂದುಕೊಂಡಿರುತ್ತಾರೆ, ಓಡುತ್ತಿರುವುದು ಬೇರೆಯೇ. ಗೋಟೂಲ್‌ಚೈನ್ ಎಂಬ ಆಯ್ಕೆಯನ್ನು ಲೋಕಲ್ ಎಂದಿಟ್ಟರೆ ಇದು ನಿಲ್ಲುತ್ತದೆ, ಪ್ಯಾಕೇಜ್ ಬಿಲ್ಡ್‌ಗಳಲ್ಲಂತೂ ಹಾಗಿಡಲೇಬೇಕು.

ಹೊಸ ಕಂಪೈಲರ್ ಭಂಡಾರಕ್ಕೆ ಬಂದ ದಿನ

ಸಿ ಲೈಬ್ರರಿಯೊಂದರ ಹೊಸ ಆವೃತ್ತಿ ಬಂದರೆ, ಎಬಿಐ (ಕಟ್ಟಿದ ಬೈನರಿಗಳು ಒಂದನ್ನೊಂದು ಬಳಸುವ ಒಪ್ಪಂದ) ಬದಲಾಗದಿದ್ದಲ್ಲಿ ಅದನ್ನು ಬಳಸುವ ಪ್ಯಾಕೇಜುಗಳಿಗೆ ಏನೂ ಆಗುವುದಿಲ್ಲ. ಈ ಸೌಕರ್ಯ ಹೊಸ ಭಾಷೆಗಳಲ್ಲಿ ಇಲ್ಲ. ಜಿಎಚ್‌ಸಿ ಪ್ರತಿ ಲೈಬ್ರರಿಯ ಎಬಿಐಗೂ ಒಂದು ಹ್ಯಾಶ್ ಲೆಕ್ಕ ಹಾಕುತ್ತದೆ, ಡೆಬಿಯನ್ ಅದನ್ನೇ ಪ್ಯಾಕೇಜಿನ ಅವಲಂಬನೆಯ ಹೆಸರಿನಲ್ಲಿ ಸೇರಿಸಿದೆ. ತಳದ ಒಂದು ಲೈಬ್ರರಿ ಮರುಕಟ್ಟಿ ಹ್ಯಾಶ್ ಬದಲಾದರೆ ಮೇಲಿನವೆಲ್ಲ ಸರಿಯಾದ ಕ್ರಮದಲ್ಲಿ ಮರುಕಟ್ಟಬೇಕು. ಪೈಥಾನ್‌ನಲ್ಲಿ 3.11ರಿಂದ 3.12ಕ್ಕೆ ಹೋಗುವುದೆಂದರೆ ಸಿ ಭಾಗವಿರುವ ಎಲ್ಲ ಮಾಡ್ಯೂಲುಗಳನ್ನೂ ಮರುಕಟ್ಟುವುದು, ಜೊತೆಗೆ 3.12ರಲ್ಲಿ ತೆಗೆದುಹಾಕಿದ ಡಿಸ್ಟ್‌ಯುಟಿಲ್ಸ್ ಎಂಬ ಬಿಲ್ಡ್ ಮಾಡ್ಯೂಲನ್ನು ನಂಬಿದ್ದ ಪ್ಯಾಕೇಜುಗಳನ್ನು ತಿದ್ದುವುದು.

ಗೋ ಮತ್ತು ರಸ್ಟ್ ಲೈಬ್ರರಿಗಳನ್ನು ಪ್ರೋಗ್ರಾಮಿನೊಳಗೇ ಸ್ಥಿರವಾಗಿ ಸೇರಿಸುತ್ತವೆ. ಲೈಬ್ರರಿಯಲ್ಲಿ ದೋಷ ಕಂಡರೆ ಅದನ್ನು ಒಳಗೊಂಡ ಪ್ರತಿ ಪ್ರೋಗ್ರಾಮನ್ನೂ ಮರುಕಟ್ಟಬೇಕು, ಅದಕ್ಕೆ ಯಾರು ಯಾರನ್ನು ಒಳಗೊಂಡಿದ್ದಾರೆಂದು ಗೊತ್ತಿರಬೇಕು. ಸ್ಟ್ಯಾಟಿಕ್-ಬಿಲ್ಟ್-ಯೂಸಿಂಗ್ ಎಂಬ ಸಾಲು ಅದನ್ನು ಬರೆದಿಡುತ್ತದೆ. ಆದರೂ ಡೆಬಿಯನ್ 12ರ ಬಿಡುಗಡೆ ಟಿಪ್ಪಣಿಯಲ್ಲಿ ಗೋ ಮತ್ತು ರಸ್ಟ್ ಪ್ಯಾಕೇಜುಗಳಿಗೆ ಭದ್ರತಾ ಬೆಂಬಲ ಸೀಮಿತ ಎಂದು ನೇರವಾಗಿ ಒಪ್ಪಿಕೊಳ್ಳಬೇಕಾಯಿತು.

ಬೇರೆ ಬೇರೆ ಪ್ರೊಸೆಸರುಗಳಲ್ಲಿ ಇದೆಲ್ಲ ಇನ್ನಷ್ಟು ಬಿಗಿಯಾಗುತ್ತದೆ. 2025ರ ಆಗಸ್ಟಿನ ಡೆಬಿಯನ್ 13ರಲ್ಲಿ ರಿಸ್ಕ್-ವಿ ಮೊದಲ ಸಲ ಅಧಿಕೃತ ಪಟ್ಟಿಗೆ ಸೇರಿತು. ಎಸ್390ಎಕ್ಸ್ ಬಿಗ್ ಎಂಡಿಯನ್ (ಸಂಖ್ಯೆಯ ದೊಡ್ಡ ಸ್ಥಾನದ ಬೈಟನ್ನು ಮೊದಲಿಡುವ) ಯಂತ್ರ, ಬೈಟುಗಳ ಕ್ರಮವನ್ನು ಕಾಣದಂತೆ ಊಹಿಸಿಕೊಂಡ ರನ್‌ಟೈಮುಗಳ ಬಣ್ಣ ಅಲ್ಲಿ ಬಯಲಾಗುತ್ತದೆ. ಅಲ್ಲಿ ಪರೀಕ್ಷೆ ಬಿದ್ದರೆ ಸುಮ್ಮನೆ ಆ ಪರೀಕ್ಷೆಯನ್ನೇ ನಿಲ್ಲಿಸಿಬಿಡುವ ಪ್ರವೃತ್ತಿ ಇದೆ. ನಿಲ್ಲಿಸುವ ಮುನ್ನ ದೋಷ ಪರೀಕ್ಷೆಯದೋ ಕಂಪೈಲರಿನದೋ ಎಂದು ನೋಡುವುದು ಪ್ಯಾಕೇಜ್ ಮಾಡುವವರ ಕನಿಷ್ಠ ಕರ್ತವ್ಯ. 32 ಬಿಟ್ ಆರ್ಮ್ ಯಂತ್ರಗಳಲ್ಲಿ ಸಮಯದ ಟೈಪನ್ನು 64 ಬಿಟ್‌ಗೆ ಹಿಗ್ಗಿಸುವ ಕೆಲಸ 2024ರಲ್ಲಿ ನಡೆದಾಗ ಮೂಲ ಲೈಬ್ರರಿಗಳ ಹೆಸರುಗಳೇ ಬದಲಾದವು. ತನ್ನನ್ನು ಕಟ್ಟಲು ತನ್ನದೇ ಹಳೆಯ ಬೈನರಿ ಬೇಕು, ಆ ಬೈನರಿಗೆ ಈಗ ಇಲ್ಲದ ಹಳೆಯ ಹೆಸರಿನ ಲೈಬ್ರರಿ ಬೇಕು. ಇಂಥ ವರ್ತುಲಕ್ಕೆ ಸಿಕ್ಕ ಕಂಪೈಲರುಗಳಿಗೆ ಮತ್ತೆ ಕೈಯಾರೆ ಬೀಜ ಹಾಕದೆ ದಾರಿಯಿಲ್ಲ.

ಸ್ಥಿರ ಬಿಡುಗಡೆಯಲ್ಲಿ ಕಂಪೈಲರ್ ಬದಲಾಗಬಾರದು ಎಂಬ ನಿಯಮವೂ ರಸ್ಟ್‌ನಿಂದ ಬಾಗಿದೆ. ಫೈರ್‌ಫಾಕ್ಸ್‌ನ ದೀರ್ಘಾವಧಿ ಆವೃತ್ತಿ ವರ್ಷಕ್ಕೊಮ್ಮೆ ಜಿಗಿಯುವಾಗ ಹೊಸ ರಸ್ಟ್ ಕೇಳುತ್ತದೆ, ಬ್ರೌಸರಿಗೆ ಭದ್ರತಾ ಪರಿಷ್ಕಾರ ಕೊಡದೆ ಇರುವಂತಿಲ್ಲ. ಹಾಗಾಗಿ ಡೆಬಿಯನ್ 12ರಲ್ಲಿ ಸಾಮಾನ್ಯ 1.63ರ ಪಕ್ಕದಲ್ಲಿ ರಸ್ಟ್‌ಸಿ-ವೆಬ್ ಎಂಬ ಪ್ರತ್ಯೇಕ ಪ್ಯಾಕೇಜು ಬಂತು. ಬ್ರೌಸರುಗಳು ಅದರಿಂದ, ಉಳಿದವು ಹಳೆಯದರಿಂದ. ಲಿನಕ್ಸ್ ಕರ್ನಲ್ ತಂಡ ಇದಕ್ಕಿಂತ ಸಮಾಧಾನದ ದಾರಿ ಹಿಡಿದಿದೆ. ಕರ್ನಲ್ ಕಟ್ಟಲು ಬೇಕಾದ ಕನಿಷ್ಠ ರಸ್ಟ್ ಆವೃತ್ತಿಯನ್ನು ಡೆಬಿಯನ್ ಸ್ಟೇಬಲ್‌ನಲ್ಲಿ ಇರುವುದಕ್ಕೆ ಹೊಂದಿಸಿಕೊಳ್ಳುವತ್ತ ಅದು ಸಾಗಿದೆ. ರಸ್ಟ್‌ನಲ್ಲಿ ಬರೆಯುವ ಉಳಿದ ಮೂಲಭೂತ ಯೋಜನೆಗಳೂ ಹೀಗೆ ಮಾಡಬೇಕೆಂಬುದು ನಮ್ಮ ಒತ್ತಾಯ. ಹೊಸ ಭಾಷೆ ಕಟ್ಟುವವರಿಗೆ ಮೂರು ಕೋರಿಕೆಗಳಿವೆ. ಕನಿಷ್ಠ ಒಂದು ವರ್ಷ ಹಳೆಯ ಕಂಪೈಲರಿನಿಂದಲೂ ಹೊಸದು ಕಟ್ಟುವಂತಿರಲಿ. ಬೂಟ್‌ಸ್ಟ್ರ್ಯಾಪ್ ಹೇಗೆಂಬುದು ಸೋರ್ಸ್ ಜೊತೆಗಿನ ಒಂದು ಕಡತದಲ್ಲಿ ಬರೆದಿರಲಿ. ಆ ಕಡತದಲ್ಲಿ ಹೇಳಿದ ಹೆಜ್ಜೆಗಳನ್ನು ಪ್ರತಿ ಬಿಡುಗಡೆಗೂ ಮುನ್ನ ನೆಟ್‌ವರ್ಕ್ ತೆಗೆದ ಯಂತ್ರದಲ್ಲಿ ಒಮ್ಮೆ ನಡೆಸಿ ನೋಡಲಿ.